ಮೇಡನ್ ಮತ್ತೆ ನೋಡಿದೆ: ಪ್ಯಾಲೇಸ್ ಗ್ರೌಂಡ್ಸ್ 2009, ಲಂಡನ್ 2025. ಡ್ರಮ್ಮರ್ ನಿಕೊ ಇಲ್ಲದ ಮೇಡನ್ ನಿಮಗೆ ಓಕೆನಾ?

ಕತ್ರಿಗುಪ್ಪೆ_ಕಿಲ್ಲರ್

ಜೂನ್ 28ಕ್ಕೆ ಲಂಡನ್ ಸ್ಟೇಡಿಯಂನಲ್ಲಿ ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ನೋಡಿ ಬಂದೆ. ಕಿರುಚಿದೆ, ಗಂಟಲು ಕೂತುಹೋಯ್ತು, ಎಲ್ಲ ಸರಿ. ಆದ್ರೂ 2009ರಲ್ಲಿ ಪ್ಯಾಲೇಸ್ ಗ್ರೌಂಡ್ಸ್‌ನಲ್ಲಿ ಆಗಿದ್ದು ಇಲ್ಲಿ ಆಗಲಿಲ್ಲ. ಯಾಕೆ ಅಂತ ತಲೆ ಕೆಡಿಸ್ಕೊಂಡಿದೀನಿ. ಇಲ್ಲಿ ಹಳೇ ಹುಲಿಗಳು ಇದ್ದೀರಲ್ಲ, ನೀವೇ ಹೇಳಿ.

2007 ಮಾರ್ಚ್ 17ಕ್ಕೆ ಅವರು ಮೊದಲ ಸಲ ಬೆಂಗಳೂರಿಗೆ ಬಂದಾಗ ನನಗೆ ಸೆಕೆಂಡ್ ಪಿಯು ಪರೀಕ್ಷೆ. ಅಪ್ಪ ಕೇಳಿದ್ದು ಒಂದೇ ಮಾತು: 'ಅವರು ಬಂದು ನಿನಗೆ ಇಂಜಿನಿಯರಿಂಗ್ ಸೀಟು ಕೊಡಿಸ್ತಾರಾ?' ಅಲ್ಲಿಗೆ ಮುಗೀತು. 2009 ಫೆಬ್ರವರಿ 15ಕ್ಕೆ ಮತ್ತೆ ಬಂದಾಗ ಯಾರನ್ನೂ ಕೇಳೋಕೆ ಹೋಗಲಿಲ್ಲ. ಮಧ್ಯಾಹ್ನವೇ ಹೋಗಿ ಬ್ಯಾರಿಕೇಡ್ ಹತ್ರ ಒತ್ತಿಕೊಂಡು ನಿಂತೆ. ನಿಜ ಹೇಳ್ಬೇಕು ಅಂದ್ರೆ ಹಾಡುಗಾರ ಬ್ರೂಸ್ ಡಿಕಿನ್ಸನ್ ತಲೆ, ಬ್ಯಾಂಡಿನ ಗುರುತಾದ ದೆವ್ವದ ಬೊಂಬೆ ಎಡ್ಡಿಯ ಭುಜ, ಮುಂದಿನವನ ಬೆವರಿನ ಬೆನ್ನು, ಇಷ್ಟೇ ಕಂಡಿದ್ದು. ಮನೆಗೆ ಬಂದು ಮೂಗು ಸೀನಿದ್ರೆ ಕರ್ಚೀಫೆಲ್ಲ ಕೆಂಪು ಧೂಳು. ಅದೇ ಜೀವನದ ಬೆಸ್ಟ್ ರಾತ್ರಿ.

ಈ ಸಲ ಮೇಲಿನ ಸ್ಟ್ಯಾಂಡ್‌ನಲ್ಲಿ ನಂಬರ್ ಇರೋ ಸೀಟು, ಕೈಯಲ್ಲಿ ಬಿಯರ್, ಯಾರ ತಲೆಯೂ ಅಡ್ಡ ಇಲ್ಲ. ಸ್ಪೀಕರ್‌ನಲ್ಲಿ ಯುಎಫ್‌ಓ ಬ್ಯಾಂಡಿನ 'ಡಾಕ್ಟರ್ ಡಾಕ್ಟರ್' ಶುರುವಾಯ್ತು. ಗೊತ್ತಲ್ಲ, ಮೇಡನ್ ಸ್ಟೇಜಿಗೆ ಬರೋ ಮುಂಚೆ ಯಾವಾಗಲೂ ಅದೇ ಹಾಡು. ಪಕ್ಕದಲ್ಲಿ ಅರವತ್ತು ದಾಟಿದ ಒಬ್ಬ ಅಜ್ಜ, ಡೆನಿಮ್ ಜಾಕೆಟ್ಟಿನಲ್ಲಿ ಬಟ್ಟೆ ಕಾಣದಷ್ಟು ಪ್ಯಾಚು. ತಿಂತಿದ್ದ ಚಿಪ್ಸ್ ಪೊಟ್ಟಣ ಮಡಚಿ ಒಂದು ಜೇಬಿಗೆ ಹಾಕ್ದ, ಕನ್ನಡಕ ತೆಗೆದು ಇನ್ನೊಂದು ಜೇಬಿಗೆ ಇಟ್ಟ, ಎದ್ದು ನಿಂತ. ಕೊನೇವರೆಗೂ ಕೂರಲಿಲ್ಲ. ನಾನು ಮಧ್ಯೆ ಮಧ್ಯೆ ಕೂತೆ!

ಸೆಟ್‌ಲಿಸ್ಟ್, ಅಂದ್ರೆ ಆಡಿದ ಹಾಡುಗಳ ಪಟ್ಟಿ, ಅದರ ಬಗ್ಗೆ ದೂರಿಲ್ಲ. ಎಲ್ಲ 1980ರಿಂದ 1992ರವರೆಗಿನ ಆಲ್ಬಮ್‌ಗಳದ್ದೇ, ಮೊದಲ ನಾಲ್ಕು ಹಾಡು ಬ್ರೂಸ್ ಬರೋಕೆ ಮುಂಚಿನ ಕಾಲದ್ದು. ಆದ್ರೆ ಡ್ರಮ್ಸ್ ಹಿಂದೆ ನಿಕೊ ಮೆಕ್‌ಬ್ರೇನ್ ಬದಲು ಸೈಮನ್ ಡಾಸನ್. ಹಾಡುಗಳು ಒಂದು ಗೇರ್ ಕೆಳಗೆ ಓಡಿದ ಹಾಗನ್ನಿಸ್ತು. ಹಳೇ ಬಟ್ಟೆ ಪರದೆಗಳಿಲ್ಲ, ಹಿಂದೆ ಪೂರ್ತಿ ಎಲ್‌ಇಡಿ ಗೋಡೆ. ಜೂನ್‌ನಲ್ಲಿ ಲಂಡನ್‌ನಲ್ಲಿ ಕತ್ತಲಾಗೋದೇ ಒಂಬತ್ತೂವರೆ ಮೇಲೆ, ಹಾಗಾಗಿ ಅರ್ಧ ಶೋ ಬೆಳಕಲ್ಲೇ ಹೋಯ್ತು.

ತಪ್ಪು ಡ್ರಮ್ಮರ್‌ದಾ, ಸೀಟಿಂದಾ, ಸ್ಕ್ರೀನಿಂದಾ, ನನ್ನ ವಯಸ್ಸಿಂದಾ? ಎರಡನೇ ಸಲ ನೋಡಿದವರು ಹೇಳಿ.

ಪೆಕೋಸ್_ಪಂಟ

ನಾನು 2007ರಲ್ಲಿ ಇದ್ದೆ. ಅಷ್ಟು ಹೇಳಿ ಹೋಗೋಣ ಅಂತ ಬಂದೆ.

ಮಂಡ್ಯ_ಮೇಡನ್

ಅಲ್ಲ ಕಣಣ್ಣೋ, ಮೇಡನ್ ಷೋಗೆ ಹೋಗಿ ಕುರ್ಚಿ ಮ್ಯಾಲೆ ಕುಂತ್ಕಂಡ್ ನೋಡ್ಬುಟ್ಟು, ಆಮೇಲೆ ಡ್ರಮ್ಮರ್ ಸರಿಗಿಲ್ಲ ಅಂತೀಯಲ್ಲ! ಪಕ್ಕದ ಅಜ್ಜನ್ನ ಕೇಳ್ಬೇಕಿತ್ತು, ಅವ್ನೇ ಹೇಳ್ತಿದ್ದ ಉತ್ತರ.

ಡ್ರಮ್‌ಕಡ್ಡಿ

ಡ್ರಮ್ಸ್ ವಿಷಯ ಬಂದಿರೋದ್ರಿಂದ ಸ್ವಲ್ಪ ಉದ್ದ ಬರೀತೀನಿ, ಕ್ಷಮಿಸಿ.

ನಿಕೊ ಬ್ಯಾಂಡಿಗೆ ಬಂದಿದ್ದು 1982ರ ಕೊನೆಗೆ. ಮರುವರ್ಷದ ಆಲ್ಬಮ್ಮಿನ ಮೊದಲ ಹಾಡು 'ವೇರ್ ಈಗಲ್ಸ್ ಡೇರ್'. ಅದು ಶುರುವಾಗೋದೇ ಅವರ ಡ್ರಮ್ ಫಿಲ್ಲಿಂದ, ಅಂದ್ರೆ ಖಾಲಿ ಜಾಗ ತುಂಬೋ ಚಿಕ್ಕ ಡ್ರಮ್ ತುಣುಕಿಂದ. 'ನಾನು ಬಂದಿದ್ದೀನಿ' ಅಂತ ಬಾಗಿಲು ಒದ್ದು ಹೇಳಿದ ಹಾಗೆ. ಅಲ್ಲಿಂದ 2024 ಡಿಸೆಂಬರ್ 7ರವರೆಗೆ, ಸಾವೊ ಪಾಲೊದಲ್ಲಿ ಕೊನೇ ಶೋ ಆಡೋವರೆಗೆ, ಆ ಸ್ಟೂಲ್ ಮೇಲೆ ಬೇರೆ ಯಾರೂ ಕೂತಿಲ್ಲ. ಇನ್ನೊಂದು ವಿಷಯ. ಮೆಟಲ್ ಡ್ರಮ್ಮರ್‌ಗಳು ಎರಡೂ ಕಾಲಲ್ಲಿ ಡಬಲ್ ಪೆಡಲ್ ತುಳಿಯೋ ಕಾಲದಲ್ಲೂ ಈ ಮನುಷ್ಯ ಒಂದೇ ಪೆಡಲ್ ಬಿಡಲಿಲ್ಲ. ರೆಕಾರ್ಡಿಂಗ್‌ನಲ್ಲಿ ಡಬಲ್ ತುಳಿದಿದ್ದು 2003ರ ಆಲ್ಬಮ್ಮಿನ ಒಂದೇ ಒಂದು ಹಾಡಿಗೆ. ಮಿಕ್ಕಿದ್ದೆಲ್ಲ ಒಂದೇ ಬಲಗಾಲು.

ಅದೇ ಬಲಭಾಗಕ್ಕೆ 2023 ಜನವರಿಯಲ್ಲಿ ಸ್ಟ್ರೋಕ್ ಹೊಡೀತು. ಎಪ್ಪತ್ತು ವರ್ಷ. ಮೇ ಕೊನೆಗೆ ಟೂರ್ ಶುರು. ಆಡಿದ್ರು! ಹೇಗೆ ಆಡಿದ್ರು ಅಂತ ಮಾತಾಡೋಕೆ ಮುಂಚೆ ಆಡಿದ್ರು ಅನ್ನೋದು ನೆನಪಿರಲಿ.

ಡಾಸನ್ ಯಾರೋ ದಾರೀಲಿ ಹೋಗೋನಲ್ಲ. ಮೇಡನ್ ಬೇಸ್ ಗಿಟಾರಿಸ್ಟ್ ಸ್ಟೀವ್ ಹ್ಯಾರಿಸ್ ಅವರ ಇನ್ನೊಂದು ಬ್ಯಾಂಡ್ ಬ್ರಿಟಿಷ್ ಲಯನ್‌ನಲ್ಲಿ ವರ್ಷಗಟ್ಟಲೆ ಜೊತೆ ಆಡಿದವರು. ನಾನು ಈ ಟೂರಿನ ಕ್ಲಿಪ್ಪುಗಳನ್ನ ಹೆಡ್‌ಫೋನ್ ಹಾಕ್ಕೊಂಡು ಕೇಳಿದೀನಿ. 'ನಿಧಾನ' ಅಂತ ಅನ್ನಿಸೋದು ನಿಜ, ಆದ್ರೆ ಅದು ಆಲ್ಬಮ್ಮಿನ ಸ್ಪೀಡಿಗೇ ಹತ್ರ. ಮೇಡನ್‌ನವರು ಎಂಬತ್ತರ ದಶಕದಿಂದ ಲೈವ್‌ನಲ್ಲಿ ಎಲ್ಲ ಹಾಡನ್ನೂ ಓಡಿಸ್ತಾ ಬಂದವರು. ನಮ್ಮ ಕಿವಿ ಲೈವ್ ಆಲ್ಬಮ್ಮಿಗೆ ಒಗ್ಗಿಹೋಗಿದೆ, ಹಾಗಾಗಿ ಸರಿಯಾದ ವೇಗ ಬಂದ್ರೆ ಸೋಂಬೇರಿತನ ಅನ್ಸುತ್ತೆ.

ಹುಬ್ಬಳ್ಳಿ_ಹೆಡ್‌ಬ್ಯಾಂಗರ್

ಕಡ್ಡಿ ಅಣ್ಣಾರ, ನೀವ್ ಹೇಳೂದು ಪುಸ್ತಕದಾಗ ಸರಿ ಐತ್ರಿ. ಆದ್ರ ನಿಕೊ ಹೊಡದ್ರ ಹಿಂದಿಂದ ಯಾರೋ ದೂಡಿದಂಗ ಆಗ್ತಿತ್ತು. ಡಾಸನ್ ಹೊಡದ್ರ 'ಬರ್ರಿ, ಕುಂದರ್ರಿ' ಅಂದಂಗ ಆಗ್ತದ. ಆಲ್ಬಮ್ ಸ್ಪೀಡ್ ಬೇಕಂದ್ರ ಮನ್ಯಾಗ ಕುಂತು ಆಲ್ಬಮ್ ಕೇಳಬೇಕು. ಷೋಕ್ಕ ಯಾಕ ಹೋಗಬೇಕ್ರಿ?

2007ಕ್ಕ ನಾವು ದೋಸ್ತ್‌ರೆಲ್ಲಾ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಜನರಲ್ ಬೋಗ್ಯಾಗ ಬಾಗಲದಾಗ ಕುಂತು ಬಂದಿದ್ವಿ. ಕರೀ ಟೀ ಶರ್ಟು, ಉದ್ದನ ಕೂದಲಾ ನೋಡಿ ಎದುರಿಗಿದ್ದ ಅಜ್ಜಿ 'ಏನ್ ತಮ್ಮಾ, ಯಾರರ ತೀರಿಕೊಂಡಾರೇನು?' ಅಂತ ಕೇಳಿದ್ಲು. ನಮ್ಮ ದೋಸ್ತ 'ಇಲ್ಲವಾ, ಹಾಡಕಿ ಕೇಳಾಕ ಹೊಂಟೀವಿ' ಅಂದ. ಅಕಿ ಬುತ್ತಿ ಬಿಚ್ಚಿ ನಮಗೆಲ್ಲಾ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಲು. ಮುಂಜಾನಿಂದ ರಾತ್ರೀತನಕ ಹೊಟ್ಟ್ಯಾಗ ಅದ ಒಂದ ಇತ್ತು.

ಪೆಕೋಸ್_ಪಂಟ

2007ರಲ್ಲಿ ಮೊದಲು ದೆಹಲಿ ಬ್ಯಾಂಡ್ ಪರಿಕ್ರಮ ಆಡಿದ್ದು ನೆನಪಿದೆಯಾ ಹುಬ್ಬಳ್ಳಿ? ಆಮೇಲೆ ಲಾರೆನ್ ಹ್ಯಾರಿಸ್ ಬಂದ್ಲು, ಸ್ಟೀವ್ ಹ್ಯಾರಿಸ್ ಮಗಳು. ಪಾಪ, ಅವಳು ಹಾಡ್ತಿದ್ರೆ ಜನ ಅಪ್ಪನ ಬ್ಯಾಂಡ್ ಹೆಸರು ಕೂಗ್ತಿದ್ರು.

ಕುಡ್ಲದ_ಬೇಸ್

ಲಂಡನ್‌ನಲ್ಲಿ ಮೇಡನ್‌ಗಿಂತ ಮೊದಲು ಬಾರಿಸಿದ ಬ್ಯಾಂಡುಗಳಲ್ಲಿ ಹ್ಯಾಲ್‌ಸ್ಟಾರ್ಮ್ ಜೊತೆ ದ ರೇವನ್ ಏಜ್ ಅಂತ ಇತ್ತಲ್ಲ, ಅದರಲ್ಲಿ ಗಿಟಾರ್ ಬಾರಿಸುವುದು ಜಾರ್ಜ್ ಹ್ಯಾರಿಸ್, ಅದೇ ಸ್ಟೀವ್ ಅವರ ಮಗ. ಬೆಂಗಳೂರಿಗೆ ಮಗಳು, ಲಂಡನ್ನಿಗೆ ಮಗ. ಮನೆ ಕಾರ್ಯಕ್ರಮ ಮಾರಾಯ್ರೆ.

ಕತ್ರಿಗುಪ್ಪೆಯವರೇ, ನೀವು ಇಷ್ಟು ಬರೆದಿದ್ದೀರಿ, ಆದರೆ ಜಾಗದ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಆ ಸ್ಟೇಡಿಯಂ ಯಾವುದು ಗೊತ್ತುಂಟಲ್ಲ? 2012ರ ಒಲಿಂಪಿಕ್ಸ್‌ಗೆ ಕಟ್ಟಿದ್ದು, 2016ರಿಂದ ವೆಸ್ಟ್ ಹ್ಯಾಮ್ ಫುಟ್‌ಬಾಲ್ ಕ್ಲಬ್ಬಿನ ಮನೆ. ಸ್ಟೀವ್ ಹ್ಯಾರಿಸ್ ಹುಟ್ಟಿ ಬೆಳೆದದ್ದು ಅಲ್ಲೇ ಹತ್ತಿರ ಲೇಟನ್‌ಸ್ಟೋನ್‌ನಲ್ಲಿ. ಹುಡುಗನಾಗಿದ್ದಾಗಿನಿಂದ ವೆಸ್ಟ್ ಹ್ಯಾಮ್ ಹುಚ್ಚು, ಬೇಸ್ ಗಿಟಾರ್ ಮೇಲೂ ಆ ಕ್ಲಬ್ಬಿನ ಲಾಂಛನ ಉಂಟು. 1975ರ ಕ್ರಿಸ್‌ಮಸ್ ದಿನ ಬ್ಯಾಂಡ್ ಶುರು ಮಾಡಿದವನು ಐವತ್ತನೇ ವರ್ಷದ ಟೂರಿನಲ್ಲಿ ತನ್ನ ಊರಿನ, ತನ್ನ ತಂಡದ ಮೈದಾನದಲ್ಲಿ ನಿಂತು ಬಾರಿಸಿದ್ದಾನೆ. ನಿಮಗೆ ಎಲ್‌ಇಡಿ ಗೋಡೆಯ ಚಿಂತೆ!

ಇನ್ನು ಕುದುರೆ ಓಟದ ಹಾಗಿರುವ ಅವನ ಆ ಬೇಸ್. ಪಿಕ್ ಇಲ್ಲದೆ ಬರೀ ಬೆರಳಲ್ಲಿ ಎರಡು ಗಂಟೆ ಬಾರಿಸಲಿಕ್ಕೆ 69 ವರ್ಷದಲ್ಲಿ ಆಗುವುದು ಸಣ್ಣ ಸಂಗತಿ ಅಲ್ಲ. ನಾನು ನಲವತ್ತಕ್ಕೇ ಅವರ 'ದ ಟ್ರೂಪರ್' ಹಾಡು ಮುಗಿಸುವಾಗ ಮಣಿಕಟ್ಟಿಗೆ ಬಾಮ್ ಹಚ್ಚುವವ.

ಕತ್ರಿಗುಪ್ಪೆ_ಕಿಲ್ಲರ್

ಬೇಸ್ ಸರ್, ವೆಸ್ಟ್ ಹ್ಯಾಮ್ ವಿಷಯ ಗೊತ್ತಿತ್ತು. ಸ್ಟ್ರಾಟ್‌ಫರ್ಡ್ ಸ್ಟೇಷನ್‌ನಿಂದ ನಡ್ಕೊಂಡು ಹೋಗೋ ದಾರಿ ತುಂಬ ಮೇಡನ್ ಟೀ ಶರ್ಟು, ವೆಸ್ಟ್ ಹ್ಯಾಮ್ ಜರ್ಸಿ ಎರಡೂ ಸಮಸಮ. ಅಪ್ಪ, ಮಗ, ಮೊಮ್ಮಗ ಮೂರು ತಲೆಮಾರು ಒಟ್ಟಿಗೆ ಬಂದವರನ್ನೂ ನೋಡಿದೆ. ನನಗೆ ಅನ್ನಿಸಿದ್ದು ಅದೇ: ಅವರು ಅವರೂರ ಬ್ಯಾಂಡ್ ನೋಡೋಕೆ ಬಂದಿದ್ರು, ನಾನು ನೆಂಟರ ಮನೆ ಮದುವೆಗೆ ಹೋದವನ ಥರ ಇದ್ದೆ.

ಜೆಪಿನಗರ_ಜ್ಯೂಕ್‌ಬಾಕ್ಸ್

2008ರಲ್ಲೂ ಬಂದಿದ್ರಲ್ಲ ಬೆಂಗಳೂರಿಗೆ? ಬ್ರೂಸ್ ಸ್ವತಃ ವಿಮಾನ ಓಡಿಸ್ಕೊಂಡು ಬಂದ ಶೋ?

ಪೆಕೋಸ್_ಪಂಟ

ಅದು ಮುಂಬೈ. 2008 ಫೆಬ್ರವರಿ 1, ಆ ಟೂರಿನ ಮೊದಲ ಶೋ. ಬೋಯಿಂಗ್ 757ರ ಬಾಲದ ಮೇಲೆ ಎಡ್ಡಿ ಚಿತ್ರ ಬಳಿದು, ಹೊಟ್ಟೆಯಲ್ಲಿ ಸಾಮಾನು ತುಂಬಿಸಿ, ಬ್ರೂಸ್ ಕಾಕ್‌ಪಿಟ್‌ನಲ್ಲಿ ಕೂತು ಬಂದಿದ್ದು. 'ಫ್ಲೈಟ್ 666' ಡಾಕ್ಯುಮೆಂಟರಿ ನೋಡು, ಮುಂಬೈ ಜನ ಇದ್ದಾರೆ ಅದರಲ್ಲಿ. ಅದೇ ಟೂರ್ ಮುಂದುವರಿದು 2009ರಲ್ಲಿ ನಮ್ಮೂರಿಗೆ ಬಂತು.

ಮಂಡ್ಯ_ಮೇಡನ್

ಹಾಡೋನೇ ಪೈಲಟ್ಟು. ನಮ್ಮಲ್ಲಿ ಆರ್ಕೆಸ್ಟ್ರಾದೋರ್ ವ್ಯಾನ್ ಡ್ರೈವರ್ ಬರ್ನಿಲ್ಲ ಅಂತ ಪ್ರೋಗ್ರಾಮೇ ಕ್ಯಾನ್ಸಲ್ ಮಾಡ್ತಾರೆ 😂

ಮಲ್ಲೇಶ್ವರಂ_ಮೆಟಲಮ್ಮ

ಕತ್ರಿಗುಪ್ಪೆ, ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡೋಕೆ ನಾನು ಲಾಯಕ್ಕು ಅನ್ಸುತ್ತೆ. ನಾನೂ 2009ರಲ್ಲಿ ಪ್ಯಾಲೇಸ್ ಗ್ರೌಂಡ್ಸ್‌ನಲ್ಲಿದ್ದೆ, ಆಮೇಲೆ 2024 ಸೆಪ್ಟೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ನೋಡಿದೆ. ಅಂದ್ರೆ ಎರಡೂ ಸಲ ನಿಕೊ ಇದ್ರು. ಆದ್ರೂ ಮೆಲ್ಬರ್ನ್ 2009ರ ಥರ ಇರಲಿಲ್ಲ. ಹಾಗಾದ್ರೆ ಡ್ರಮ್ಮರ್ ಮೇಲೆ ಹೇಗೆ ಹಾಕ್ತೀರಿ?

ಮೆಲ್ಬರ್ನ್‌ನಲ್ಲಿ 'ದ ಟ್ರೂಪರ್' ಬಂದಾಗ ನಾನು ಗಮನ ಇಟ್ಟು ಕೇಳಿದೆ. ಗಿಟಾರ್ ನಿಂತು ಡ್ರಮ್ಸ್ ತುಂಬಬೇಕಾದ ಆ ಚಿಕ್ಕ ಜಾಗಗಳಲ್ಲಿ ನಿಕೊ ಹಳೇ ಉರುಳು ಹೊಡೀಲಿಲ್ಲ, ಸರಳ ಮಾಡ್ಕೊಂಡು ದಾಟಿಸಿದ್ರು. ಸ್ಟ್ರೋಕ್ ಆದ ಮೇಲೆ ಕೈ ಅಷ್ಟು ವೇಗಕ್ಕೆ ಬರಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ. ಸುತ್ತ ಇದ್ದವರಿಗೂ ಗೊತ್ತಿತ್ತು, ಆ ಜಾಗ ಬಂದಾಗೆಲ್ಲ ಜನ ಬಾಯಲ್ಲೇ ಆ ಫಿಲ್ ತುಂಬಿಸ್ತಿದ್ರು. ನಾನು ಆವತ್ತು ಅತ್ತೆ, ಯಾಕೆ ಅಂತ ವಿವರಿಸಲ್ಲ.

ಇನ್ನು 2009. ನಿಮಗೆಲ್ಲ ಅದು ಸ್ವರ್ಗ. ಹೆಂಗಸರಾಗಿ ಆ ಗುಂಪಿನಲ್ಲಿ ನಿಂತವರನ್ನ ಕೇಳಿ. ಅಣ್ಣ, ಅಣ್ಣನ ಸ್ನೇಹಿತರು ಸುತ್ತ ಕೈ ಕೋಟೆ ಕಟ್ಟಿ ನಿಂತಿದ್ರು, ಆ ಕೋಟೆ ಒಳಗಿಂದ ನಾನು ನೋಡಿದ್ದು. ಅರ್ಧ ಗಮನ ಹಾಡಿನ ಮೇಲೆ, ಅರ್ಧ ಗಮನ ಹಿಂದಿನವನ ಕೈ ಎಲ್ಲಿದೆ ಅನ್ನೋದ್ರ ಮೇಲೆ. ಮೆಲ್ಬರ್ನ್‌ನಲ್ಲಿ ಒಬ್ಬಳೇ ಹೋಗಿ, ಒಬ್ಬಳೇ ಕುಣಿದು, ರಾತ್ರಿ ಟ್ರಾಮ್ ಹತ್ತಿ ಮನೆಗೆ ಬಂದೆ. ಸೀಟಿದ್ದ ಶೋ ಅಂತ ಯಾರಾದ್ರೂ ಹೀಗಳೆದ್ರೆ ನನಗೆ ಸಿಟ್ಟು ಬರುತ್ತೆ. ಮಂಡ್ಯದವರೇ, ನಿಮಗೇ ಹೇಳ್ತಿರೋದು.

ಮಂಡ್ಯ_ಮೇಡನ್

ಅಕ್ಕಾ, ಸರಿ ಬುಡಿ. ಕುರ್ಚಿ ವಿಷ್ಯ ವಾಪಸ್ ತಗೊಂಡೆ. ಆದ್ರೆ ಕತ್ರಿಗುಪ್ಪೆಯೋನ್ಗೆ ಮಾತ್ರ ಮಾಫಿ ಇಲ್ಲ.

ಕಾಲೇಜ್_ಮೇಷ್ಟ್ರು

ಸೆಟ್‌ಲಿಸ್ಟಿನಲ್ಲಿ 'ರೈಮ್ ಆಫ್ ದ ಏನ್ಶಿಯಂಟ್ ಮ್ಯಾರಿನರ್' ಇತ್ತಲ್ಲವೇ? 1984ರ ಹಾಡು, ಹದಿಮೂರು ನಿಮಿಷಕ್ಕೂ ಮೇಲೆ. ನಾನು ಬಿ.ಎ. ತರಗತಿಗೆ ಇಂಗ್ಲಿಷ್ ಪಾಠ ಮಾಡುವವನು. ಕೋಲ್‌ರಿಜ್‌ನ ಆ ಪದ್ಯವನ್ನು ನಾನು ಮೊದಲು ಓದಿದ್ದಲ್ಲ, ಅಣ್ಣನ ಕ್ಯಾಸೆಟ್‌ನಲ್ಲಿ ಕೇಳಿದ್ದು. ಎಂ.ಎ.ನಲ್ಲಿ ಅದೇ ಪದ್ಯ ಬಂದಾಗ ಕಡಲಕೋಳಿಯನ್ನು ಕೊಂದ ನಾವಿಕನ ಕಥೆಯೆಲ್ಲ ನನಗೆ ಬಾಯಿಗೆ ಬರುತ್ತಿತ್ತು. ಗೆಳೆಯರು ಗೈಡ್ ಓದಿ ಬರೆದರು, ನಾನು ಕ್ಯಾಸೆಟ್ ಕೇಳಿ ಬರೆದೆ. ಈಗಲೂ ತರಗತಿಯಲ್ಲಿ ನಡುವಿನ ಆ ಮೌನದ ಭಾಗ, ಹಡಗಿನ ಹಲಗೆ ಕಿರುಗುಟ್ಟುವ ಸದ್ದು ಬರುವ ಜಾಗ, ಸ್ಪೀಕರಿನಲ್ಲಿ ಹಾಕುತ್ತೇನೆ. ಕೊನೆ ಬೆಂಚಿನವರು ಫೋನ್ ಕೆಳಗಿಡುವುದು ಆಗ ಮಾತ್ರ.

ಲಂಡನ್‌ನಲ್ಲಿ ಆ ಭಾಗ ಹೇಗಿತ್ತು?

ಕತ್ರಿಗುಪ್ಪೆ_ಕಿಲ್ಲರ್

ಮೇಷ್ಟ್ರೇ, ಇಡೀ ಶೋನಲ್ಲಿ ಎಲ್‌ಇಡಿ ಗೋಡೆ ಸಾರ್ಥಕ ಆಗಿದ್ದು ಅಲ್ಲೇ. ಪರದೆ ತುಂಬ ಸಮುದ್ರ, ಮಂಜು, ಹಡಗು. ಬ್ರೂಸ್ ಮೆಲ್ಲಗೆ ಮಾತಾಡೋ ಥರ ಹಾಡ್ತಿದ್ರೆ ಅಷ್ಟು ದೊಡ್ಡ ಸ್ಟೇಡಿಯಂ ಗಪ್‌ಚುಪ್. ನಾಲಿಗೆ ಬುಡದಲ್ಲಿ ಕ್ಯಾನ್ಸರ್ ಆಗಿ ವಾಸಿಯಾದ ಮನುಷ್ಯ ಈ ವಯಸ್ಸಲ್ಲಿ ಆ ಕೊನೇ ಕೂಗು ಎತ್ತಿದ್ದು ಹೇಗೋ! ನಾನು ಆಗ ಎದ್ದು ನಿಂತಿದ್ದೆ. (ಮಂಡ್ಯದವರು ಗಮನಿಸಿ.)

ಜೆಪಿನಗರ_ಜ್ಯೂಕ್‌ಬಾಕ್ಸ್

ಫೋನ್ ಅಂದಾಗ ನೆನಪಾಯ್ತು. ಈ ಟೂರ್ ಶುರುವಾಗೋ ಮುಂಚೆ ಮ್ಯಾನೇಜರ್ ರಾಡ್ ಸ್ಮಾಲ್‌ವುಡ್ 'ಫೋನ್ ಆದಷ್ಟು ಒಳಗಿಡಿ' ಅಂತ ಕೇಳ್ಕೊಂಡಿದ್ರಲ್ಲ. ಜನ ಕೇಳಿದ್ರಾ?

ಕತ್ರಿಗುಪ್ಪೆ_ಕಿಲ್ಲರ್

ಹಳಬರು ಕೇಳಿದ್ರು. 'ಫಿಯರ್ ಆಫ್ ದ ಡಾರ್ಕ್' ಶುರುವಾದ ತಕ್ಷಣ ಮಿಕ್ಕವರೆಲ್ಲ ತೆಗೆದ್ರು. ನಾನೂ ಅಮ್ಮನಿಗೆ ಕಳಿಸೋಕೆ ಒಂದು ಚಿಕ್ಕದು ಮಾಡ್ದೆ. ಅಮ್ಮನ ಉತ್ತರ: 'ಊಟ ಆಯ್ತಾ?'

ಡ್ರಮ್‌ಕಡ್ಡಿ

ಫೋನ್ ಎತ್ತೋರನ್ನ ಹೊರಗೆ ಹಾಕ್ಬೇಕು. 2011ರ ಮೆಟಾಲಿಕಾ ಶೋನಲ್ಲಿ ಅಷ್ಟು ಕಾಟ ಇರಲಿಲ್ಲ.

ಪೆಕೋಸ್_ಪಂಟ

2011ರಲ್ಲಿ ಫೋನ್ ತೆಗೆದಿದ್ರೆ ಮಳೆಗೆ ಸತ್ತೋಗಿರೋದು. ಕೆಸರಲ್ಲಿ ಶೂ ಹೂತು ಹೋಗ್ತಿತ್ತು. ಅಕ್ಟೋಬರ್ 30. ಎರಡು ದಿನ ಮುಂಚೆ ಗುರುಗ್ರಾಮದ ಶೋ ಕೊನೇ ಗಳಿಗೆಯಲ್ಲಿ ನಿಂತುಹೋಗಿ, ದೆಹಲಿ ಹುಡುಗರೆಲ್ಲ ಸಿಕ್ಕ ಸಿಕ್ಕ ವಿಮಾನ, ರೈಲು ಹತ್ತಿ ಬೆಂಗಳೂರಿಗೆ ಬಂದಿದ್ರು. ನನ್ನ ರೂಮಲ್ಲಿ ಆವತ್ತು ಹೆಸರೂ ಗೊತ್ತಿಲ್ಲದ ನಾಲ್ಕು ಸರ್ದಾರ್ ಹುಡುಗರು ಮಲಗಿದ್ರು. ಬೆಳಿಗ್ಗೆ ದರ್ಶಿನಿಯಲ್ಲಿ ಖಾರಾಬಾತ್ ತಿನ್ನಿಸಿ ಕಳಿಸಿದೆ.

ರಿಟೈರ್ಡ್_ರಾಕರ್

ಮಳೆ ಅಂದ್ರೆ 2003 ಏಪ್ರಿಲ್ 4, ರೋಲಿಂಗ್ ಸ್ಟೋನ್ಸ್. ಅವರು ಭಾರತದಲ್ಲಿ ಆಡಿದ ಮೊಟ್ಟಮೊದಲ ಶೋ ನಮ್ಮ ಪ್ಯಾಲೇಸ್ ಗ್ರೌಂಡ್ಸ್‌ನಲ್ಲೇ. ಅದಕ್ಕೂ ಹಿಂದಿನ ವರ್ಷ ರಾಜರ್ ವಾಟರ್ಸ್. ನಿಮ್ಮ ಮೇಡನ್, ಮೆಟಾಲಿಕಾ ಎಲ್ಲ ನಾವು ಗದ್ದೆ ಹದ ಮಾಡಿಟ್ಟ ಮೇಲೆ ಬಂದ ಬೆಳೆ.

ಈಗ ನೋಡಿ. ಗನ್ಸ್ ಎನ್ ರೋಸಸ್ 2012ರಲ್ಲಿ ಬಂದಾಗ ಬೆಂಗಳೂರಲ್ಲೂ ಆಡಿದ್ರು, 2025ರಲ್ಲಿ ಮುಂಬೈ ಒಂದೇ. ಗ್ರೀನ್ ಡೇ ಬಂದ್ರೂ ಮುಂಬೈ. ಕೋಲ್ಡ್‌ಪ್ಲೇ ನವಿ ಮುಂಬೈ, ಅಹಮದಾಬಾದ್. ರಾಕ್ ರಾಜಧಾನಿ ಅಂತ ಎದೆ ತಟ್ಟಿಕೊಂಡ ಊರಿಗೆ ಏನಾಯ್ತು?

ಜೆಪಿನಗರ_ಜ್ಯೂಕ್‌ಬಾಕ್ಸ್

ಇಂಗ್ಲಿಷ್ ಹಾಡುಗಾರ ಎಡ್ ಶೀರನ್ ಬಂದಿದ್ದ ಸರ್ 2025ರ ಫೆಬ್ರವರಿಯಲ್ಲಿ. ಚರ್ಚ್ ಸ್ಟ್ರೀಟ್ ಫುಟ್‌ಪಾತ್‌ನಲ್ಲಿ ಗಿಟಾರ್ ಹಿಡಿದು ನಿಂತ. ಪೊಲೀಸಪ್ಪ ಬಂದು ಮೈಕಿನ ವೈರ್ ಎಳೆದ. ಜಗತ್ತೆಲ್ಲ ನೋಡ್ತು.

ಮಂಡ್ಯ_ಮೇಡನ್

ಆ ಪೊಲೀಸಪ್ಪಂಗೆ ನನ್ ಸಲಾಮು. ಯಾರಾದ್ರೇನು, ಫುಟ್‌ಪಾತ್ ಫುಟ್‌ಪಾತೇ.

ರಿಟೈರ್ಡ್_ರಾಕರ್

ಹಾಸ್ಯ ಬಿಡಿ. ಬ್ಯಾಂಡ್ ಬರೋದು ಬಿಡೋದು ಆಮೇಲಿನ ಮಾತು. ಫ್ರೀಡಂ ಜಾಮ್ ಥರ ಆಗಸ್ಟ್ 15ಕ್ಕೆ ಪುಕ್ಕಟೆ ನಿಂತು ಕೇಳೋ ಅಭ್ಯಾಸ, ಲಾ ಸ್ಕೂಲ್‌ನ ರಾಕ್ ಸ್ಪರ್ಧೆ ಸ್ಟ್ರಾಬೆರಿ ಫೀಲ್ಡ್ಸ್‌ಗೆ ಊರೂರಿಂದ ಬ್ಯಾಂಡು ಕಟ್ಕೊಂಡು ಬರೋ ಅಭ್ಯಾಸ, ಇದೆಲ್ಲ ಇದ್ದಿದ್ದಕ್ಕೆ ಕೇಳೋ ಕಿವಿ ಹುಟ್ಟಿದ್ವು. ಕೇಳೋ ಕಿವಿ ಇದ್ದಿದ್ದಕ್ಕೆ ಮೇಡನ್ ಬಂತು.

ಹುಬ್ಬಳ್ಳಿ_ಹೆಡ್‌ಬ್ಯಾಂಗರ್

ಕಿವಿ ಈಗೂ ಅದಾವ್ರಿ ರಾಕರ್ ಸಾಹೇಬ್ರ. ಬ್ಯಾಂಗಲೋರ್ ಓಪನ್ ಏರ್ ಮೆಟಲ್ ಜಾತ್ರಿ 2012ರಿಂದ ನಡದೈತಿ, ಮೊದಲ ವರ್ಷನ ಜರ್ಮನಿ ಬ್ಯಾಂಡ್ ಕ್ರಿಯೇಟರ್ ಬಂದಿತ್ತು. ನಮ್ಮ ಬೆಂಗಳೂರು ಬ್ಯಾಂಡ್ ಕ್ರಿಪ್ಟೋಸ್‌ನವರು 2013ಕ್ಕ ಜರ್ಮನಿ ವಾಕೆನ್ ಮೆಟಲ್ ಜಾತ್ರಿಗೆ ಹೋಗಿ ಬಾರಿಸಿ ಬಂದಾರ. ಮುಂಬೈಗೆ ಹೋಗೂದು ರಾಕ್ ಅಲ್ರಿ, ರೊಕ್ಕ.

ಕನ್ನಡ_ಕಟ್ಟಾಳು

ಇಷ್ಟೊತ್ತು ಓದಿದೆ. ಎಲ್ಲರೂ ಪ್ಯಾಲೇಸ್ ಗ್ರೌಂಡ್ಸ್ ಪ್ಯಾಲೇಸ್ ಗ್ರೌಂಡ್ಸ್ ಅಂತಿದ್ದೀರಿ. ಅದೇ ಮೈದಾನದಲ್ಲಿ 2005ರಲ್ಲಿ ಸಿ. ಅಶ್ವಥ್ ಅವರ 'ಕನ್ನಡವೇ ಸತ್ಯ' ಆಯ್ತಲ್ಲ, ಅದರ ಮುಂದೆ ನಿಮ್ಮ ಮೇಡನ್ ಜನ ಎಷ್ಟು? ಕುವೆಂಪು, ಬೇಂದ್ರೆ ಪದ್ಯ ಕೇಳೋಕೆ ಮೈದಾನ ತುಂಬಿತ್ತು. ಅದನ್ನ ಯಾರೂ ಎತ್ತಲಿಲ್ಲ.

ಮಲ್ಲೇಶ್ವರಂ_ಮೆಟಲಮ್ಮ

ಕಟ್ಟಾಳು ಸರ್, ನಾನು ಅದಕ್ಕೂ ಹೋಗಿದ್ದೆ, ಅಪ್ಪ ಅಮ್ಮನ ಜೊತೆ. ಅಶ್ವಥ್ ಕೈ ಎತ್ತಿ ಜನರಿಂದ ಹಾಡಿಸಿದ್ದು, ಬ್ರೂಸ್ ಕೈ ಎತ್ತಿ 'ಸ್ಕ್ರೀಮ್ ಫಾರ್ ಮಿ' ಅಂತ ಕೂಗಿಸಿದ್ದು, ಎರಡಕ್ಕೂ ನನ್ನ ಗಂಟಲು ಒಂದೇ ಥರ ಹೋಯ್ತು. ಇದನ್ನ ಜಗಳ ಮಾಡಬೇಡಿ.

ಕನ್ನಡ_ಕಟ್ಟಾಳು

ಜಗಳ ಅಲ್ಲ ತಾಯಿ, ದಾಖಲೆಗೆ ಇರಲಿ ಅಂತ.

ಡ್ರಮ್‌ಕಡ್ಡಿ

ಮೂಲ ವಿಷಯಕ್ಕೆ ಬರೋಣವಾ? ಹುಬ್ಬಳ್ಳಿ ಅಣ್ಣ, 'ದೂಡೋದು' ಅಂದ್ರಿ. ಅದಕ್ಕೆ ಕಾರಣ ಇದೆ. ನಿಕೊ ಬೀಟ್ ಮೇಲೆ ಸ್ವಲ್ಪ ಮುಂದೆ ಬೀಳ್ತಿದ್ರು, ಹ್ಯಾರಿಸ್ ಬೇಸ್ ಕೂಡ ಮುಂದಕ್ಕೆ ಎಳೆಯುತ್ತೆ. ಇಬ್ಬರೂ ಸೇರಿ ಹಾಡನ್ನ ಎತ್ತಿನಗಾಡಿ ಇಳಿಜಾರಿಗೆ ಬಿಟ್ಟ ಹಾಗೆ ಬಿಡ್ತಿದ್ರು. ಡಾಸನ್ ಬೀಟ್ ನಡುಮಧ್ಯ ಕೂರ್ತಾರೆ. ಅದರಿಂದ ಮೂರು ಗಿಟಾರು ಬಿಡಿಬಿಡಿಯಾಗಿ ಕೇಳುತ್ತೆ. ಡೇವ್ ಮರ್ರೆ ಯಾವುದು, ಆಡ್ರಿಯನ್ ಸ್ಮಿತ್ ಯಾವುದು ಅಂತ ಈ ಟೂರಿನಲ್ಲಿ ಕೇಳಿಸಿದಷ್ಟು ಸ್ಪಷ್ಟ ಹಿಂದೆ ಕೇಳಿಸಿಲ್ಲ. ಯಾನಿಕ್ ಗರ್ಸ್ ಯಾವುದು ಅಂತ ಮಾತ್ರ ಈಗಲೂ ಕೇಳಿಸಲ್ಲ, ಅವರು ಗಿಟಾರ್ ತಿರುಗಿಸೋದ್ರಲ್ಲೇ ಬಿಜಿ.

ಕುಡ್ಲದ_ಬೇಸ್

ಯಾನಿಕ್ ಬಗ್ಗೆ ಒಂದು ಮಾತು ಆಡಬೇಡಿ. 1990ರಿಂದ ಇದ್ದಾನೆ ಪಾಪ, ಆಡ್ರಿಯನ್ ವಾಪಸ್ ಬಂದಾಗಲೂ ಅವನನ್ನು ಕಳಿಸಲಿಲ್ಲ. ಹಾಗಾಗಿಯೇ ಮೂರು ಗಿಟಾರು.

ಹುಬ್ಬಳ್ಳಿ_ಹೆಡ್‌ಬ್ಯಾಂಗರ್

ಕಡ್ಡಿ ಅಣ್ಣಾ, ಅಂದ್ರ ನೀವೂ ಒಪ್ಪಿದ್ರಿ. ಇಳಿಜಾರಿಲ್ಲ ಈಗ.

ಡ್ರಮ್‌ಕಡ್ಡಿ

ಒಪ್ಪಿಲ್ಲ! ಇಳಿಜಾರಿಲ್ಲ, ಆದ್ರೆ ರಸ್ತೆ ಕಾಣ್ಸುತ್ತೆ ಅಂದೆ.

ಜೆಪಿನಗರ_ಜ್ಯೂಕ್‌ಬಾಕ್ಸ್

ನಿಕೊ ಬ್ಯಾಂಡ್ ಬಿಟ್ಟೇ ಹೋದ್ರು ಅಂತ ಬೇಜಾರಾಗ್ತಿದೆ.

ಮಲ್ಲೇಶ್ವರಂ_ಮೆಟಲಮ್ಮ

ಟೂರ್ ಮಾತ್ರ ಬಿಟ್ಟಿದ್ದು. ಮೇಡನ್ ಮನೆಯವರಾಗೇ ಇರ್ತೀನಿ ಅಂತಾನೇ ಹೇಳಿಕೆ ಕೊಟ್ಟಿದ್ದು. ಪ್ರತಿ ಸಲ ಅವರನ್ನ ತಿಥಿ ಊಟಕ್ಕೆ ಕೂರಿಸಬೇಡಿ.

ಕತ್ರಿಗುಪ್ಪೆ_ಕಿಲ್ಲರ್

ಎಲ್ಲರ ಉತ್ತರ ಓದಿದೆ. ನಿನ್ನೆ ರಾತ್ರಿ 2009ರ ಒಂದು ಹರಕು ಮುರಕು ರೆಕಾರ್ಡಿಂಗ್ ಹುಡುಕಿ ಕೇಳಿದೆ. ಗಿಟಾರ್ ಕೇಳಲ್ಲ, ಬೇಸ್ ಕೇಳಲ್ಲ, ಬರೀ ಜನ. ಅಷ್ಟು ವರ್ಷ ನಾನು 'ಮೇಡನ್ ಸೌಂಡ್' ಅಂತ ತಲೆಯಲ್ಲಿ ಇಟ್ಕೊಂಡಿದ್ದು ಪಕ್ಕದಲ್ಲಿ ನಿಂತು ಅರಚ್ತಿದ್ದ ಜಯನಗರ, ಹುಬ್ಬಳ್ಳಿ, ಕೊಚ್ಚಿ ಹುಡುಗರ ಸೌಂಡ್. ಲಂಡನ್‌ನಲ್ಲಿ ಮೊದಲ ಸಲ ಬ್ಯಾಂಡ್ ಕೇಳಿಸ್ತು. ಚೆನ್ನಾಗಿ ಆಡಿದ್ರು, ಡಾಸನ್ ಸೇರಿ. ಕಡ್ಡಿಯವರ ಮಾತು ಅಲ್ಲಿವರೆಗೆ ಒಪ್ಪಿದೆ.

ಹಾಗಂತ ಇನ್ನೊಂದು ಸಲ ಹೋಗೋದಾದ್ರೆ ನಿಂತ್ಕೊಳ್ಳೋ ಟಿಕೆಟ್ಟೇ ತಗೊಳ್ಳೋದು.

ಹುಬ್ಬಳ್ಳಿ_ಹೆಡ್‌ಬ್ಯಾಂಗರ್

2009ಕ್ಕ ನಾನೂ ಬ್ಯಾರಿಕೇಡ್ ಬಾಜೂನ ಇದ್ದೆ ಮಾರಾಯಾ! ಅರಚಿದಾಂವ ನಾನ ಇರಬೇಕು. ಎಡಕ್ಕಿದ್ದ್ಯೋ ಬಲಕ್ಕಿದ್ದ್ಯೋ?

ಕತ್ರಿಗುಪ್ಪೆ_ಕಿಲ್ಲರ್

ಬಲಕ್ಕೆ, ಯಾನಿಕ್ ಇರೋ ಕಡೆ.

ಹುಬ್ಬಳ್ಳಿ_ಹೆಡ್‌ಬ್ಯಾಂಗರ್

ಹಂಗಾರ ನಾನಲ್ಲ. ಅಲ್ಲಿ ಯಾರ್ ನಿಂದರ್ತಾರ.

ಕುಡ್ಲದ_ಬೇಸ್

ಪುನಃ ಯಾನಿಕ್‌ಗೆ ಹೇಳಿದಿರಾ?

ಪೆಕೋಸ್_ಪಂಟ

ಕತ್ರಿಗುಪ್ಪೆ, ಊರಿಗೆ ಯಾವಾಗ ಬರ್ತೀಯ? ಈ ಟೂರಿನ ಟೀ ಶರ್ಟ್ ಒಂದು ತಗೊಂಡ್ ಬಾ, ದುಡ್ಡು ಕೊಡ್ತೀನಿ. 2007ರಲ್ಲಿ ಮೀಡಿಯಂ ತಗೊಂಡಿದ್ದೆ. ಈಗ ಡಬಲ್ ಎಕ್ಸ್ಎಲ್.

ಮಂಡ್ಯ_ಮೇಡನ್

ನಂಗೂ ಒಂದು. ಎಡ್ಡಿ ಕೊಡಲಿ ಹಿಡ್ಕಂಡಿರೋದು ಸಿಕ್ರೆ ಅದೇ ಇರ್ಲಿ.